ಇಳಿಜಾರಿನ ಹಿರಿಯ ಸವಾರರು

ಹಿಮ ಕರಗಿದ ಮೇಲೆ ಹಿಮಜಾರಾಟದ ಬೆಟ್ಟಕ್ಕೆ ಏನು ಕೆಲಸ? ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವಿಸ್ಲರ್ ಎಂಬ ಊರು ಈ ಪ್ರಶ್ನೆಗೆ ಸೈಕಲ್ಲಿನಲ್ಲಿ ಉತ್ತರ ಕಂಡುಕೊಂಡಿತು. ಚಳಿಗಾಲದಲ್ಲಿ ಜಾರಾಟಗಾರರನ್ನು ಮೇಲಕ್ಕೆ ಒಯ್ಯುವ ತೂಗುಕುರ್ಚಿಗಳು ಬೇಸಗೆಯಲ್ಲಿ ಸೈಕಲ್ ಸವಾರರನ್ನು ಒಯ್ಯುತ್ತವೆ. ಸೈಕಲ್ಲೂ ಅವರೊಂದಿಗೇ ಮೇಲೇರುತ್ತದೆ. ಸವಾರನಿಗೆ ಉಳಿಯುವುದು ಇಳಿಯುವ ಕೆಲಸ ಮಾತ್ರ. 1999ರಲ್ಲಿ ಆರಂಭವಾದ ಇಲ್ಲಿನ 'ಬೈಕ್ ಪಾರ್ಕ್' ಮುಂದೆ ಅನೇಕ ದೇಶಗಳಿಗೆ ಮಾದರಿಯಾಯಿತು. ನಮ್ಮಲ್ಲಿ ಬೈಕ್ ಎಂದರೆ ಮೋಟಾರ್ ಸೈಕಲ್. ಇಲ್ಲಿ ಹೇಳುತ್ತಿರುವುದು ಬೆಟ್ಟಗುಡ್ಡಗಳಿಗೆಂದೇ ಮಾಡಿದ, ದಪ್ಪ ಟೈರಿನ ತುಳಿಯುವ ಸೈಕಲ್ಲಿನ ಬಗ್ಗೆ.

ಇಂಥ ಪಾರ್ಕುಗಳ ಟಿಕೆಟ್ ಸಾಲಿನಲ್ಲಿ ಹದಿಹರೆಯದವರಷ್ಟೇ ಅಲ್ಲ, ಐವತ್ತು ಅರವತ್ತು ದಾಟಿದವರೂ ನಿಂತಿರುತ್ತಾರೆ. ಇದು ಅಚ್ಚರಿಯೇನಲ್ಲ. ಏಕೆಂದರೆ ಈ ಕ್ರೀಡೆಗೇ ಈಗ ನಡುವಯಸ್ಸು.

ಅದರ ಹುಟ್ಟೂರುಗಳಲ್ಲಿ ಪ್ರಮುಖವಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿ. 1970ರ ದಶಕದಲ್ಲಿ ಅಲ್ಲಿನ ಕೆಲವು ಯುವಕರು 1930-40ರ ಕಾಲದ ಭಾರವಾದ ಹಳೇ ಸೈಕಲ್ಲುಗಳನ್ನು ಗುಜರಿಯಿಂದ ತಂದು, ರಿಪೇರಿ ಮಾಡಿ ಬೆಟ್ಟದಿಂದ ಇಳಿಸುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಊರಿನ ಬಳಿ ಅವರು ಪಂದ್ಯವನ್ನೇ ಆರಂಭಿಸಿದರು. ಸುಮಾರು ಮೂರು ಕಿಲೋಮೀಟರ್ ಮಣ್ಣುದಾರಿಯಲ್ಲಿ ಸುಮಾರು 400 ಮೀಟರ್ ಇಳಿತ. ಆ ಸೈಕಲ್ಲುಗಳಿಗೆ ಇದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಕೆಳಗೆ ಬಂದು ಮುಟ್ಟುವಷ್ಟರಲ್ಲಿ ಅದು ಕಾದು, ಹಬ್ಬಿನೊಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ಹೀಗೆ 'ಮತ್ತೆ ತುಂಬುವ' ಕಾರಣಕ್ಕೇ ಆ ಪಂದ್ಯಕ್ಕೆ 'ರೀಪ್ಯಾಕ್' ಎಂಬ ಹೆಸರು ಬಂತು.

ಗ್ಯಾರಿ ಫಿಶರ್, ಜೋ ಬ್ರೀಝ್, ಚಾರ್ಲಿ ಕೆಲ್ಲಿ ಈ ಗುಂಪಿನವರು. ಬ್ರೀಝ್ 1977ರಲ್ಲಿ ಬೆಟ್ಟದ ಓಟಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. 1979ರಲ್ಲಿ ಫಿಶರ್ ಮತ್ತು ಕೆಲ್ಲಿ 'ಮೌಂಟನ್ ಬೈಕ್ಸ್' ಎಂಬ ಕಂಪೆನಿ ತೆರೆದರು. 1981ರಲ್ಲಿ 'ಸ್ಟಂಪ್‌ಜಂಪರ್' ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಈ ಕ್ರೀಡೆ ಕಾಲಿಟ್ಟಿತು. ಗುಜರಿ ಅಂಗಡಿಯಿಂದ ಒಲಿಂಪಿಕ್ಸ್‌ಗೆ ಇಪ್ಪತ್ತೇ ವರ್ಷ!

ಆದರೆ ಜನಪ್ರಿಯತೆಯ ಜೊತೆಗೆ ಜಗಳವೂ ಬಂತು. ನಡೆಯುವವರು, ಕುದುರೆ ಸವಾರರು ಬಳಸುತ್ತಿದ್ದ ಕಿರುದಾರಿಗಳಲ್ಲಿ ಸೈಕಲ್ಲುಗಳು ಭರ್ರೆಂದು ಇಳಿಯತೊಡಗಿದಾಗ ದೂರುಗಳು ಎದ್ದವು. 1980ರ ದಶಕದಲ್ಲಿ ತವರಾದ ಮರೀನ್‌ನಲ್ಲೇ ಅನೇಕ ಕಿರುದಾರಿಗಳು ಸೈಕಲ್ಲಿಗೆ ಮುಚ್ಚಿದವು. ಸವಾರರ ಪರವಾಗಿ ಮಾತಾಡಲು 1988ರಲ್ಲಿ ಅಂತರರಾಷ್ಟ್ರೀಯ ಸಂಘವೊಂದು ರೂಪುಗೊಂಡಿತು. ವೇಗದ ಇಳಿತಕ್ಕೆಂದೇ ಬೇರೆ ಹಾದಿ ಕಟ್ಟಿಕೊಡುವ ಪಾರ್ಕುಗಳು ಈ ಜಗಳಕ್ಕೂ ಒಂದು ಪರಿಹಾರ.

ಪಾರ್ಕಿನ ಹಾದಿ ತಾನಾಗಿ ಆದದ್ದಲ್ಲ, ಲೆಕ್ಕಹಾಕಿ ಕಟ್ಟಿದ್ದು. ತಿರುವುಗಳ ಹೊರ ಅಂಚನ್ನು ಎತ್ತರಿಸಿರುತ್ತಾರೆ. ವೇಗವಾಗಿ ಬಂದ ಸೈಕಲ್ ಆ ಮಣ್ಣಿನ ಗೋಡೆಗೆ ಒರಗಿ ತಿರುಗುತ್ತದೆ. ನೆಗೆತದ ದಿಬ್ಬಗಳಲ್ಲಿ ಎರಡು ಬಗೆ. ಒಂದರಲ್ಲಿ ಏರು ಮತ್ತು ಇಳುಕಲಿನ ನಡುವೆ ಮೇಜಿನಂತೆ ಸಮತಟ್ಟಾದ ಮಣ್ಣು ಇರುತ್ತದೆ. ನೆಗೆತ ಸಾಲದಿದ್ದರೂ ಚಕ್ರಕ್ಕೆ ನೆಲ ಸಿಗುತ್ತದೆ. ಇನ್ನೊಂದರಲ್ಲಿ ನಡುವೆ ಇರುವುದು ಬರೀ ಕಂದಕ, ಅಲ್ಲಿ ಅರ್ಧ ನೆಗೆತಕ್ಕೆ ಅವಕಾಶವಿಲ್ಲ. ಹಾದಿಯ ಕಷ್ಟವನ್ನು ತಿಳಿಸಲು ಉತ್ತರ ಅಮೆರಿಕದಲ್ಲಿ ಹಿಮಜಾರಾಟದ ಗುರುತುಗಳನ್ನೇ ಎರವಲು ಪಡೆದಿದ್ದಾರೆ. ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಠಿಣ. ಜೋಡಿ ವಜ್ರವಿದ್ದರೆ ಅದು ಪರಿಣತರಿಗೆ ಮಾತ್ರ.

ಅನುಭವಿ ಹಿರಿಯನ ಪೇಚಾಟ ಶುರುವಾಗುವುದು ಈ ಫಲಕಗಳ ಮುಂದೆಯೇ. ಮೂವತ್ತು ವರ್ಷ ಸೈಕಲ್ ತುಳಿದವನಿಗೆ ಹಾದಿಯನ್ನು ಓದುವ ಕಣ್ಣಿದೆ. ಯಾವ ಬೇರು ಜಾರುತ್ತದೆ, ಎಲ್ಲಿ ಬ್ರೇಕ್ ಬಿಡಬೇಕು ಎಂಬುದು ಅವನಿಗೆ ಗೊತ್ತು. ಕಪ್ಪು ವಜ್ರವನ್ನು ಇಳಿದ ನೆನಪೂ ಇದೆ. ಆದರೆ ನೆನಪಿನಲ್ಲಿರುವುದು ಅಂದಿನ ದೇಹ. ವಯಸ್ಸಾದಂತೆ ಪ್ರತಿಕ್ರಿಯೆಯ ವೇಗ ತಗ್ಗುತ್ತದೆ, ಮೂಳೆಯ ಸಾಂದ್ರತೆ ಇಳಿಯುತ್ತದೆ, ಗಾಯ ಮಾಯಲು ಹೆಚ್ಚು ದಿನ ಬೇಕಾಗುತ್ತದೆ. ಓದಲೂ ನೋಡಲೂ ಒಂದೇ ಕನ್ನಡಕ ಹಾಕುವವರಿಗೆ ಇನ್ನೊಂದು ತೊಡಕಿದೆ. ಗಾಜಿನ ಕೆಳಭಾಗ ಹತ್ತಿರದ ಓದಿಗೆ ಮಾಡಿದ್ದಾದ್ದರಿಂದ, ಅದರ ಮೂಲಕ ಕಾಣುವ ನೆಲ ಮಸುಕಾಗಿರುತ್ತದೆ.

ತೂಗುಕುರ್ಚಿಯೂ ಇಬ್ಬಗೆಯ ವರ. ಹತ್ತುವ ಶ್ರಮ ತಪ್ಪುವುದರಿಂದ ಹೃದಯಕ್ಕೆ, ಶ್ವಾಸಕ್ಕೆ ಹಗುರ. ಆದರೆ ಹಿಂದೆ ಹತ್ತುವ ದಣಿವೇ ದಿನಕ್ಕೆ ಎಷ್ಟು ಇಳಿತ ಎಂಬುದನ್ನು ನಿಗದಿ ಮಾಡುತ್ತಿತ್ತು. ಈಗ ಕಾಲು ದಣಿಯುವ ಮೊದಲೇ ಮತ್ತೊಂದು ಸುತ್ತು ಸಿದ್ಧ. ಇಳಿತದಲ್ಲಿ ನಿಜವಾಗಿ ದಣಿಯುವುದು ಹ್ಯಾಂಡಲ್ ಹಿಡಿದ ಮುಂಗೈ. ಅದು ಮರಗಟ್ಟಿದರೆ ಬ್ರೇಕ್ ಹಿಡಿತ ತಪ್ಪುತ್ತದೆ. 'ಇದೇ ಕೊನೆಯ ಸುತ್ತು' ಎಂದು ಬಾಯಿಬಿಟ್ಟು ಹೇಳಬಾರದೆಂಬ ನಂಬಿಕೆ ಅನೇಕ ಸವಾರರಲ್ಲಿದೆ. ಮೂಢನಂಬಿಕೆ ಎನಿಸಿದರೂ ಅದರ ಹಿಂದೆ, ದಣಿದ ಕೈಯಲ್ಲಿ ಬಿದ್ದವರ ಅನುಭವವಿದೆ.

ಹಾಗೆಂದು ಹಿರಿಯರು ಮನೆಯಲ್ಲಿ ಕೂರಬೇಕೆ? ನೆಡ್ ಓವರೆಂಡ್ ಬೇರೆಯದೇ ಉತ್ತರ ಕೊಟ್ಟಿದ್ದಾರೆ. 1990ರಲ್ಲಿ ಡುರಾಂಗೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕ್ರಾಸ್‌ಕಂಟ್ರಿ ಪ್ರಶಸ್ತಿ ಗೆದ್ದಾಗಲೇ ಅವರಿಗೆ 35. 2015ರಲ್ಲಿ, 59ರ ವಯಸ್ಸಿನಲ್ಲಿ, ಹಿಮದ ಮೇಲೋಡುವ ಅತಿದಪ್ಪ ಟೈರಿನ ಸೈಕಲ್ಲುಗಳ ಅಮೆರಿಕ ರಾಷ್ಟ್ರೀಯ ಪಂದ್ಯದಲ್ಲಿ ತಮಗಿಂತ ಎಷ್ಟೋ ಚಿಕ್ಕವರನ್ನು ಹಿಂದಿಕ್ಕಿದರು. ಎಲ್ಲರೂ ಓವರೆಂಡ್ ಆಗಲಾರರು, ನಿಜ. ಆದರೆ ಯಂತ್ರವೂ ಹಿರಿಯರ ನೆರವಿಗೆ ಬಂದಿದೆ. ಎರಡೂ ಚಕ್ರಗಳ ಸಸ್ಪೆನ್ಷನ್ ಮೊಣಕಾಲು ಸೊಂಟಗಳ ಹೊಡೆತ ತಗ್ಗಿಸುತ್ತದೆ. ಡಿಸ್ಕ್ ಬ್ರೇಕಿಗೆ ಒಂದು ಬೆರಳು ಸಾಕು. ಗುಂಡಿ ಒತ್ತಿದರೆ ಸೀಟು ತಗ್ಗುತ್ತದೆ.

ಪಾರ್ಕುಗಳು ಎಲ್ಲರಿಗೂ ಹೇಳುವ ಒಂದು ಕ್ರಮವಿದೆ. ಮೊದಲ ಸುತ್ತಿನಲ್ಲಿ ನಿಧಾನವಾಗಿ ಹಾದಿ ನೋಡಿಕೊಳ್ಳಬೇಕು, ಎರಡನೆಯದರಲ್ಲಿ ಅದನ್ನೇ ಮತ್ತೆ ಓಡಿ ಪಳಗಬೇಕು, ಮನಸ್ಸಿಗೆ ಬಂದಂತೆ ಓಡುವುದು ಆಮೇಲೆ. ಕಿರಿಯರು ಇದನ್ನು ಹಾರಿಸಿಬಿಡಬಹುದು. ಹಿರಿಯರಿಗೆ ಇದೇ ರಕ್ಷಾಕವಚ. ಹಸಿರಿನಿಂದ ಆರಂಭಿಸುವುದು, ಕಂದಕದ ಮುಂದೆ ನಿಂತು ಪಕ್ಕದ ಬಳಸುದಾರಿ ಹಿಡಿಯುವುದು, ಕೈ ಸೋಲುವ ಮೊದಲೇ ಮನೆ ಕಡೆ ಹೊರಡುವುದು ಅಳುಕಿನ ಲಕ್ಷಣವಲ್ಲ. ಮುಂದಿನ ವಾರವೂ ಬರಬೇಕೆನ್ನುವವನ ಲೆಕ್ಕಾಚಾರ ಅದು.

ರೀಪ್ಯಾಕ್ ಕಾಲದಲ್ಲಿ ಪ್ರತಿ ಇಳಿತದ ನಂತರ ಕುಳಿತು ಹಬ್ ಬಿಚ್ಚಿ ಗ್ರೀಸ್ ತುಂಬಬೇಕಿತ್ತು. ಇಂದಿನ ಸೈಕಲ್ಲಿಗೆ ಆ ಉಪಚಾರ ಬೇಡ. ಬೇಕಾಗಿರುವುದು ಅದರ ಮೇಲೆ ಕೂತ ಹಿರಿಯನಿಗೆ.