ಮೂತ್ರದ್ವಾರದಿಂದ ಬಿಳಿ ದ್ರವ: ಹೆದರಬೇಕೆ?

ಪ್ರಶ್ನೆ: ನನಗೆ 28 ವರ್ಷ. ಮಲವಿಸರ್ಜನೆಗೆ ತಿಣುಕಿದಾಗ ಮೂತ್ರದ್ವಾರದಿಂದ ಒಂದೆರಡು ಹನಿ ಬಿಳಿ ಅಂಟುದ್ರವ ಬರುತ್ತದೆ. ಧಾತು ನಷ್ಟವಾಗಿ ನಿಶ್ಶಕ್ತಿ ಬರುವುದೇ?

ಉತ್ತರ: ಖಂಡಿತ ಇಲ್ಲ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಪ್ರಾಸ್ಟೇಟ್ ಗ್ರಂಥಿಯಿದೆ. ಯುವಕರಲ್ಲಿ ಅದು ದೊಡ್ಡ ನೆಲ್ಲಿಕಾಯಿಯಷ್ಟು, ತೂಕ ಸುಮಾರು 20 ಗ್ರಾಂ. ವೀರ್ಯದ ದ್ರವಭಾಗದಲ್ಲಿ ಒಂದಂಶ ತಯಾರಾಗುವುದು ಅಲ್ಲೇ. ಗುದನಾಳ ಅದರ ಬೆನ್ನಿಗೇ ಇರುವುದರಿಂದ ಗಟ್ಟಿ ಮಲ ಒತ್ತಿದಾಗ ಈ ದ್ರವ ಹನಿಯಬಹುದು. ಅದರಿಂದ ಶಕ್ತಿ ಸೋರುವುದಿಲ್ಲ. ಸೊಪ್ಪು, ಹಣ್ಣು, ನೀರು ಹೆಚ್ಚಿಸಿ. ಮಲಬದ್ಧತೆ ನೀಗಿದರೆ ಸಾಮಾನ್ಯವಾಗಿ ಇದೂ ಕಡಿಮೆಯಾಗುತ್ತದೆ.

ಆದರೆ ಹಳದಿ ಕೀವು, ಉರಿಮೂತ್ರ, ಜ್ವರ, ಕಿಬ್ಬೊಟ್ಟೆ ನೋವು ಇದ್ದರೆ ಪ್ರಾಸ್ಟೇಟ್ ಸೋಂಕು ಅಥವಾ ಗೊನೋರಿಯಾದಂಥ ಲೈಂಗಿಕ ರೋಗವಿರಬಹುದು. ಮೂತ್ರ ಪರೀಕ್ಷೆ, ಕಲ್ಚರ್ ಮಾಡಿಸಿಯೇ ಔಷಧ ನಿರ್ಧರಿಸಬೇಕು. ಲೈಂಗಿಕ ರೋಗವಾದರೆ ಸಂಗಾತಿಗೂ ಚಿಕಿತ್ಸೆ ಬೇಕು. ಮೂತ್ರದಲ್ಲಿ ರಕ್ತ ಕಂಡರಂತೂ ತಡಮಾಡಬೇಡಿ.

ನಿಮ್ಮ ಮನೆಯಲ್ಲಿ 50 ದಾಟಿದ ಗಂಡಸರಿದ್ದರೆ ಅವರಿಗೂ ಹೇಳಿ: ಮೂತ್ರದ ಧಾರೆ ಸಣ್ಣಗಾಗುವುದು, ರಾತ್ರಿ ಪದೇಪದೇ ಏಳುವುದು ಪ್ರಾಸ್ಟೇಟ್ ದೊಡ್ಡದಾಗಿರುವುದರ ಲಕ್ಷಣವಾಗಿರಬಹುದು.

ಗೋಡೆ ಜಾಹೀರಾತಿನ ‘ಗುಪ್ತರೋಗ’ ಔಷಧಕ್ಕೆ ದುಡ್ಡು ಸುರಿಯಬೇಡಿ. ಸಂಕೋಚ ಬಿಟ್ಟು ಒಮ್ಮೆ ಮೂತ್ರರೋಗ ತಜ್ಞರನ್ನು ಕಾಣಿ.