ಗಾಲ್ಫ್ ಮೈದಾನದ ವಸಂತಾರಂಭದ ನಿರ್ವಹಣೆ

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಮುಗಿದ ಮೇಲೆ ಗಾಲ್ಫ್ ಮೈದಾನದ ಹುಲ್ಲುಹಾಸನ್ನೂ ಮಣ್ಣನ್ನೂ ಮತ್ತೆ ಆಟಕ್ಕೆ ಅಣಿಗೊಳಿಸುವ ಕಾರ್ಯವನ್ನು ವಸಂತಾರಂಭದ ನಿರ್ವಹಣೆ ಎನ್ನುತ್ತಾರೆ. ಕೆನಡಾ ಹಾಗೂ ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಭಾಗಗಳಲ್ಲಿ ಇದು ಸಾಮಾನ್ಯವಾಗಿ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ನಡೆಯುತ್ತದೆ. ಆದರೂ ಕೆಲಸದ ಕ್ರಮವನ್ನು ನಿರ್ಧರಿಸುವಲ್ಲಿ ದಿನಾಂಕಕ್ಕಿಂತ ಮಣ್ಣಿನ ಉಷ್ಣತೆಯೇ ಮುಖ್ಯ.

ಚಳಿಗಾಲದ ಹಾನಿ

ಚೆಂಡು ಬೀಳಬೇಕಾದ ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸಿಗೆ ‘ಗ್ರೀನ್’ ಎಂದು ಹೆಸರು. ಶೀತ ಪ್ರದೇಶಗಳಲ್ಲಿ ಇಲ್ಲಿ ಹೆಚ್ಚಾಗಿ ಬೆಂಟ್‌ಗ್ರಾಸ್ ಮತ್ತು ಪೋವಾ ಆನುವಾ ಎಂಬ ಹುಲ್ಲುಗಳಿರುತ್ತವೆ. ಮಂಜುಗಡ್ಡೆಯ ಪದರ ಬಹುಕಾಲ ಮುಚ್ಚಿಕೊಂಡಿದ್ದರೆ ಕೆಳಗೆ ಆಮ್ಲಜನಕ ತೀರಿ ಹುಲ್ಲು ಸಾಯುತ್ತದೆ. ಇದನ್ನು ಬೆಂಟ್‌ಗ್ರಾಸ್ ಹೆಚ್ಚು ಕಾಲ ತಾಳಿಕೊಳ್ಳುತ್ತದೆ. ಪೋವಾ ಬೇಗ ಸೋಲುತ್ತದೆ.

ಇದಕ್ಕಿಂತಲೂ ಅಪಾಯಕಾರಿಯಾದುದು ಚಳಿಗಾಲದ ಕೊನೆಯ ಏರಿಳಿತ. ಹಗಲಿನ ಬಿಸಿಲಿಗೆ ಹಿಮ ಕರಗಿದಾಗ ಹುಲ್ಲಿನ ಬುಡವು ನೀರು ಹೀರಿಕೊಳ್ಳುತ್ತದೆ; ರಾತ್ರಿ ಒಮ್ಮೆಲೇ ಕೊರೆವ ಚಳಿ ಬಿದ್ದರೆ ಆ ನೀರು ಹೆಪ್ಪುಗಟ್ಟಿ ಜೀವಕೋಶಗಳನ್ನು ಒಡೆಯುತ್ತದೆ. ಸತ್ತ ಹುಲ್ಲು ಕೆಲವು ದಿನ ಹಸಿರಾಗಿಯೇ ಕಾಣುವುದುಂಟು. ಆದುದರಿಂದ ಅನುಭವಿ ಮೇಲ್ವಿಚಾರಕರು ಕಣ್ಣನ್ನು ನಂಬುವುದಿಲ್ಲ. ಗ್ರೀನಿನಿಂದ ಮಣ್ಣುಸಹಿತ ಸಣ್ಣ ತುಂಡುಗಳನ್ನು ಕತ್ತರಿಸಿ ತಂದು, ಬೆಚ್ಚಗಿನ ಬೆಳಕುಳ್ಳ ಕೋಣೆಯಲ್ಲಿರಿಸಿ, ಅವು ಚಿಗುರುವುವೇ ಎಂದು ಪರೀಕ್ಷಿಸುತ್ತಾರೆ.

ಹಿಮದಡಿಯಲ್ಲಿ ಬೆಳೆಯುವ ಬೂದು ಮತ್ತು ನಸುಗೆಂಪು ಬಣ್ಣದ ಶಿಲೀಂಧ್ರಗಳು ವೃತ್ತಾಕಾರದ ಕಲೆಗಳನ್ನು ಉಳಿಸುತ್ತವೆ. ಇವುಗಳಿಗೆ ಔಷಧ ಸಿಂಪಡಿಸಲು ತಕ್ಕ ಕಾಲ ಶರತ್ಕಾಲ. ವಸಂತದಲ್ಲಿ ಅಂಟಿಕೊಂಡ ಒಣಹುಲ್ಲನ್ನು ಹಗುರವಾಗಿ ಕೆದರಿ ಗಾಳಿ, ಬಿಸಿಲು ತಾಗುವಂತೆ ಮಾಡುವುದೇ ಪ್ರಧಾನ ಉಪಚಾರ.

ಮೈದಾನ ತೆರೆಯುವ ಪ್ರಶ್ನೆ

ಬಿಸಿಲು ಬಿದ್ದೊಡನೆ ಆಟಗಾರರು ಬಾಗಿಲಲ್ಲಿ ನಿಲ್ಲುತ್ತಾರೆ. ಅವರ ಆತುರ ಸಹಜವೇ. ಆದರೆ ಮೇಲ್ಮಣ್ಣು ಕರಗಿದ್ದರೂ ಕೆಳಗಿನ ಮಣ್ಣು ಇನ್ನೂ ಹೆಪ್ಪುಗಟ್ಟಿರುವಾಗ ನೀರು ಇಂಗುವುದಿಲ್ಲ. ಆ ಕೆಸರಿನಂಥ ಪದರದ ಮೇಲೆ ನಡೆದರೆ ಬೇರುಗಳು ಹರಿಯುತ್ತವೆ, ಯಂತ್ರ ಓಡಿಸಿದರೆ ಮಣ್ಣು ಗಟ್ಟಿಯಾಗುತ್ತದೆ. ಹೆಪ್ಪುಗಟ್ಟಿದ ಇಬ್ಬನಿಯಿರುವ ಮುಂಜಾನೆ ಹುಲ್ಲನ್ನು ತುಳಿದರೆ ಜೀವಕೋಶಗಳು ಸೀಳಿ, ಹೆಜ್ಜೆಯ ಗುರುತುಗಳೇ ಕಂದುಬಣ್ಣದಲ್ಲಿ ಮೂಡುತ್ತವೆ. ಅಂಥ ದಿನಗಳಲ್ಲಿ ಆಟವನ್ನು ತಡವಾಗಿ ಆರಂಭಿಸುತ್ತಾರೆ, ಅಥವಾ ಬೇರೆಡೆ ತಾತ್ಕಾಲಿಕ ಗ್ರೀನುಗಳನ್ನು ಒದಗಿಸುತ್ತಾರೆ.

ಮಣ್ಣು ಆರಿದ ಬಳಿಕ

ಬಿದ್ದ ಕೊಂಬೆಗಳನ್ನು ತೆಗೆಯುವುದು, ಚರಂಡಿ ಬಿಡಿಸುವುದು, ಬಂಕರುಗಳ ಮರಳನ್ನು ಸಮಗೊಳಿಸುವುದು ಮೊದಲಾಗುತ್ತವೆ. ಹೆಪ್ಪುಗಟ್ಟುವಿಕೆಯಿಂದ ಉಬ್ಬಿದ ನೆಲದ ಮೇಲೆ ಹಗುರವಾದ ರೋಲರ್ ಹಾಯಿಸುತ್ತಾರೆ. ಶರತ್ಕಾಲದಲ್ಲಿ ಗಾಳಿಯೊತ್ತಡದಿಂದ ಬರಿದು ಮಾಡಿದ್ದ ನೀರಾವರಿ ಕೊಳವೆಗಳನ್ನು ನಿಧಾನವಾಗಿ ತುಂಬಬೇಕು; ಅವಸರಪಟ್ಟರೆ ನೀರಿನ ಹೊಡೆತಕ್ಕೆ ಕೊಳವೆ ಒಡೆಯುತ್ತದೆ.

ಶೀತವಲಯದ ಹುಲ್ಲುಗಳ ಬೇರು ಚೆನ್ನಾಗಿ ಬೆಳೆಯುವುದು ಮಣ್ಣಿನ ಉಷ್ಣತೆ 10ರಿಂದ 18 ಡಿಗ್ರಿ ಸೆಲ್ಸಿಯಸ್ ಇರುವಾಗ. ಆಗ ಸಾರಜನಕ ಗೊಬ್ಬರ ಅತಿಯಾದರೆ ಎಲೆ ಸೊಂಪಾಗಿ ಬೆಳೆದು ಬೇರು ಬಡವಾಗುತ್ತದೆ. ಮೊದಲ ಕಟಾವಿನಲ್ಲಿ ಯಂತ್ರದ ಅಲಗನ್ನು ಬೇಸಿಗೆಗಿಂತ ಎತ್ತರಿಸಿ, ಮುಂದೆ ಹಂತಹಂತವಾಗಿ ಇಳಿಸುತ್ತಾರೆ. ಕ್ರ್ಯಾಬ್‌ಗ್ರಾಸ್ ಎಂಬ ಕಳೆ ಸುಮಾರು 13 ಡಿಗ್ರಿಯಲ್ಲಿ ಮೊಳೆಯತೊಡಗುವುದರಿಂದ ಕಳೆನಾಶಕವನ್ನು ಅದಕ್ಕೆ ಮೊದಲೇ ಹಾಕಬೇಕು. ಫೋರ್ಸಿಥಿಯಾ ಪೊದೆಯ ಹಳದಿ ಹೂವು ಈ ಕಾಲದ ಸೂಚನೆಯೆಂದು ಅಲ್ಲಿನವರು ಗಣಿಸುತ್ತಾರೆ.

ಟೊಳ್ಳು ಮೊಳೆಗಳ ಯಂತ್ರದಿಂದ ನೆಲದಲ್ಲಿ ರಂಧ್ರ ಕೊರೆದು ಮರಳು ತುಂಬುವುದೂ ಉಂಟು. ಮಣ್ಣು ತಣ್ಣಗಿದ್ದರೆ ಈ ಗಾಯ ಮಾಯಲು ವಾರಗಳು ಬೇಕು. ಗ್ರೀನಿಗೆ ಮರಳು ಹರಡುವ ಪದ್ಧತಿಯನ್ನು ಪ್ರಚಾರಕ್ಕೆ ತಂದ ಕೀರ್ತಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಮೈದಾನವನ್ನು ನೋಡಿಕೊಳ್ಳುತ್ತಿದ್ದ ಓಲ್ಡ್ ಟಾಮ್ ಮಾರಿಸ್ (1821–1908) ಅವರಿಗೆ ಸಲ್ಲುತ್ತದೆ.

ಬೆಚ್ಚನೆಯ ಪ್ರದೇಶಗಳಲ್ಲಿ

ಅಮೆರಿಕದ ದಕ್ಷಿಣ ರಾಜ್ಯಗಳ ಬರ್ಮುಡಾ ಹುಲ್ಲು ಬೇರೆಯದಲ್ಲ, ನಮ್ಮಲ್ಲಿ ಗಣಪತಿಗೆ ಏರಿಸುವ ಗರಿಕೆಯ ಜಾತಿಯೇ. ಚಳಿಗೆ ಅದು ಒಣಗಿದಂತೆ ಕಂದಾಗಿ ಮಲಗಿ, ಮಣ್ಣು ಬೆಚ್ಚಗಾದ ಮೇಲೆ ಚಿಗುರುತ್ತದೆ. ಜಾರ್ಜಿಯಾದ ಆಗಸ್ಟಾ ನ್ಯಾಷನಲ್ ಮೈದಾನದಲ್ಲಿ ಶರತ್ಕಾಲದಲ್ಲೇ ಇದರ ಮೇಲೆ ರೈಗ್ರಾಸ್ ಬಿತ್ತುತ್ತಾರೆ. ಏಪ್ರಿಲ್‌ನ ಮಾಸ್ಟರ್ಸ್ ಪಂದ್ಯಾವಳಿಯಲ್ಲಿ ಫೇರ್‌ವೇಗಳಲ್ಲಿ ಕಾಣುವ ಹಸಿರು ಆ ರೈಗ್ರಾಸಿನದು. ಬೇಸಿಗೆಯ ಸೆಕೆಗೆ ಅದು ಸೊರಗಿದಾಗ ಕೆಳಗಿನ ಗರಿಕೆ ಮೇಲೇಳುತ್ತದೆ.