ಬ್ಯಾಟರಿ ಸ್ಕೂಟರಿಗೆ ಪೆಟ್ರೋಲು ಎಂಜಿನು: ಕ್ಲಚ್ಚು ಮತ್ತು ಸರಪಣಿಯ ಲೆಕ್ಕ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಅಡಕೆ ತೋಟಗಳು ಬಹುಮಟ್ಟಿಗೆ ಕಣಿವೆಯಲ್ಲಿವೆ. ಮನೆಗಳು ಅವುಗಳಿಗಿಂತ ಎತ್ತರದಲ್ಲಿವೆ. ಕೊಯ್ದ ಗೊನೆ ಅಂಗಳಕ್ಕೆ ಬರಬೇಕಾದರೆ ಹೊರೆಯೊಡನೆ ಏರನ್ನು ಹತ್ತಲೇಬೇಕು. ಬ್ಯಾಟರಿ ಸತ್ತು ಕೊಟ್ಟಿಗೆಯ ಮೂಲೆ ಸೇರಿದ ಸಣ್ಣ ವಿದ್ಯುತ್ ಸ್ಕೂಟರೊಂದು, ಅದರ ಪಕ್ಕದಲ್ಲಿಯೇ ವೀಡ್ ಕಟರ್ ಎಂದು ಎಲ್ಲರೂ ಕರೆಯುವ ಹುಲ್ಲು ಹೊಡೆಯುವ ಯಂತ್ರ. ಇವೆರಡನ್ನೂ ಕೂಡಿಸಿ ಹೊರೆಯ ಗಾಡಿಯೊಂದನ್ನು ಮಾಡಬಾರದೇಕೆ ಎಂಬ ಯೋಚನೆ ಯಂತ್ರಗಳಲ್ಲಿ ಆಸಕ್ತಿಯುಳ್ಳವರಿಗೆ ಹೊಳೆಯುವುದು ಸಹಜ. ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರು ಸಣ್ಣ ಎಂಜಿನೊಂದರ ಬಲದಿಂದ ಅಡಕೆ ಮರವನ್ನೇ ಏರುವ ಯಂತ್ರವನ್ನು ರೂಪಿಸಿ 2019ರಲ್ಲಿ ದೇಶದ ಗಮನ ಸೆಳೆದುದನ್ನು ವಾಚಕರು ಬಲ್ಲರು. ಆದುದರಿಂದ ಈ ಯೋಚನೆ ಹುಚ್ಚಲ್ಲ. ಆದರೆ ಮೋಟಾರನ್ನು ಬಿಚ್ಚಿ ಅದೇ ಸ್ಥಳದಲ್ಲಿ ಎಂಜಿನನ್ನು ಕೂರಿಸಿದ ಮಾತ್ರಕ್ಕೆ ಗಾಡಿ ಹೊರಡದು.

ಕಾರಣವಿಷ್ಟೆ. ವಿದ್ಯುನ್ಮೋಟಾರು ನಿಂತಲ್ಲಿಂದಲೇ ತನ್ನ ಪೂರ್ಣಬಲವನ್ನು ಕೊಡಬಲ್ಲುದು. ಪೆಟ್ರೋಲು ಎಂಜಿನಿಗೆ ಆ ಶಕ್ತಿಯಿಲ್ಲ. ತಕ್ಕಷ್ಟು ವೇಗದಲ್ಲಿ ಸುತ್ತದಿದ್ದರೆ ಅದು ಆರಿಯೇಹೋಗುತ್ತದೆ. ಆದುದರಿಂದ ಗಾಡಿ ನಿಂತಿರುವಾಗಲೂ ಎಂಜಿನು ಸುತ್ತುತ್ತಿರುವಂತೆ ಅದನ್ನು ಚಕ್ರದಿಂದ ಬಿಡಿಸಿಡುವ ಉಪಾಯ ಬೇಕು. ಅದೇ ಕ್ಲಚ್ಚು. ಹುಲ್ಲು ಹೊಡೆಯುವ ಯಂತ್ರದಲ್ಲಿ ಇದು ಮೊದಲೇ ಇರುತ್ತದೆ. ಎಂಜಿನಿನ ದಂಡಕ್ಕೆ ಸ್ಪ್ರಿಂಗಿನಿಂದ ಬಿಗಿದ ಎರಡು ಶೂಗಳು. ಅವುಗಳ ಸುತ್ತ ಡಬ್ಬಿಯಾಕಾರದ ಡ್ರಮ್ಮು. ವೇಗ ಹೆಚ್ಚಿದಂತೆ ಶೂಗಳು ಹೊರಕ್ಕೆ ಚಿಮ್ಮಿ ಡ್ರಮ್ಮನ್ನು ಹಿಡಿಯುತ್ತವೆ. 1972ರ ಲೂನಾ, 1980ರ ಟಿವಿಎಸ್ 50 ಮುಂತಾದ ಮೊಪೆಡ್ಡುಗಳಲ್ಲಿಯೂ ಕೆಲಸ ಮಾಡಿದುದು ಇದೇ ತತ್ತ್ವ.

ಈಗ ಲೆಕ್ಕಕ್ಕೆ ಬರೋಣ. ಸ್ಕೂಟರಿನ ಚಕ್ರದ ವ್ಯಾಸ 25 ಸೆಂಟಿಮೀಟರು. ಒಂದು ಸುತ್ತಿಗೆ ಅದು ಸುಮಾರು 78 ಸೆಂಟಿಮೀಟರು ಸಾಗುತ್ತದೆ. ಮೋಟಾರಿಗೆ 11 ಹಲ್ಲಿನ ಚಕ್ರ, ಹಿಂದಿನ ಗಾಲಿಗೆ 55 ಹಲ್ಲಿನದು ಇದ್ದರೆ ಪ್ರಮಾಣ 5ಕ್ಕೆ 1. ಕ್ಲಚ್ಚು ನಿಮಿಷಕ್ಕೆ 4,000 ಸುತ್ತಿನಲ್ಲಿ ಹಿಡಿಯುವುದೆಂದು ಭಾವಿಸಿದರೆ, ಆ ವೇಳೆಗೆ ಗಾಡಿಯ ವೇಗ ಗಂಟೆಗೆ 38 ಕಿಲೋಮೀಟರಿನಷ್ಟಿರಬೇಕು! ಅಲ್ಲಿಯವರೆಗೂ ಶೂಗಳು ಡ್ರಮ್ಮಿನೊಳಗೆ ಜಾರುತ್ತಲೇ ಇರುತ್ತವೆ. ಏರಿನಲ್ಲಿ ಆ ವೇಗ ಎಂದಿಗೂ ಬಾರದು. ಶೂ ಸುಟ್ಟ ವಾಸನೆ ಮಾತ್ರ ಬರುತ್ತದೆ.

ಹಾಗಾದರೆ ಎಷ್ಟು ಬೇಕು? ಸವಾರ, ಗಾಡಿ, ಹೊರೆ ಸೇರಿ 120 ಕಿಲೋ ಎನ್ನೋಣ. ಎಂಟಡಿಗೆ ಒಂದಡಿ ಏರುವ ಮಣ್ಣುದಾರಿಯಲ್ಲಿ ಏರಿಗೆ 15 ಕಿಲೋ, ನೆಲದ ಪ್ರತಿರೋಧಕ್ಕೆ ಮೂರೂವರೆ ಕಿಲೋ, ಒಟ್ಟು ಹದಿನೆಂಟೂವರೆ ಕಿಲೋ ಸೆಳೆತ ಬೇಕು. ಚಕ್ರದ ಬಳಿ ಇದು ಸುಮಾರು 23 ನ್ಯೂಟನ್ ಮೀಟರು ತಿರುಗುಬಲ. ಎಂಜಿನಿನ ಬಲ 1.8 ನ್ಯೂಟನ್ ಮೀಟರಾಗಿದ್ದು ದಾರಿಯಲ್ಲಿ ನಷ್ಟವಾಗಿ ಒಂದೂವರೆಯಷ್ಟು ಉಳಿದರೆ, ಪ್ರಮಾಣ 15ಕ್ಕೆ 1 ಇರಬೇಕೆಂದಾಯಿತು. ಆಗ ಕ್ಲಚ್ಚು ಗಂಟೆಗೆ ಹನ್ನೆರಡೂವರೆ ಕಿಲೋಮೀಟರಿನಲ್ಲಿಯೇ ಪೂರ್ತಿ ಹಿಡಿಯುತ್ತದೆ. 6,500 ಸುತ್ತಿನಲ್ಲಿ ವೇಗ 20 ಕಿಲೋಮೀಟರು. ತೋಟದ ದಾರಿಗೆ ಇದಕ್ಕಿಂತ ಹೆಚ್ಚು ಯಾರಿಗೂ ಬೇಡ.

ಇಷ್ಟನ್ನು ಒಂದೇ ಸರಪಣಿಯಿಂದ ಸಾಧಿಸುವುದು ಅಸಾಧ್ಯ. ಚಿಕ್ಕದಕ್ಕೆ 9 ಹಲ್ಲಿಟ್ಟರೂ ದೊಡ್ಡದಕ್ಕೆ 135 ಬೇಕು. 8 ಮಿಲಿಮೀಟರು ಅಂತರದ ಸರಪಣಿಯಲ್ಲಿ ಅದು ಗಾಲಿಗಿಂತಲೂ ದೊಡ್ಡದಾಗಿ ನೆಲಕ್ಕೆ ತಾಗುತ್ತದೆ. ಆದುದರಿಂದ ನಡುವೆ ಒಂದು ದಂಡವನ್ನಿಟ್ಟು ಎರಡು ಹಂತ ಮಾಡಬೇಕು: ಎಂಜಿನಿನಿಂದ ನಡುದಂಡಕ್ಕೆ 11ರಿಂದ 33, ಅಲ್ಲಿಂದ ಗಾಲಿಗೆ ಹಳೆಯ 11ರಿಂದ 55. ಮೂರೈದಲೆ ಹದಿನೈದು. ಮೊದಲ ಸರಪಣಿಯ ಮೇಲಿನ ಸೆಳೆತ 13 ಕಿಲೋ ಆದರೆ ಎರಡನೆಯದರ ಮೇಲೆ ಅದರ ಮೂರರಷ್ಟು. ಬಲವಾದ ಸರಪಣಿ ಅಲ್ಲಿರಬೇಕು. ಹಲ್ಲು ತೀರ ಕಡಿಮೆಯಾದರೆ ಸರಪಣಿ ಜಗ್ಗಿ ಜಗ್ಗಿ ನಡೆಯುತ್ತದೆ: 9 ಹಲ್ಲಿನಲ್ಲಿ ವೇಗದ ಏರಿಳಿತ ನೂರಕ್ಕೆ 6, ಹನ್ನೊಂದರಲ್ಲಿ 4, ಹದಿನೇಳರಲ್ಲಿ ಎರಡಕ್ಕೂ ಕಡಿಮೆ. ಕೊಂಡಿಗಳ ಸಂಖ್ಯೆ ಸಮವಾಗಿದ್ದು ಚಿಕ್ಕ ಚಕ್ರದ ಹಲ್ಲುಗಳು ಬೆಸಸಂಖ್ಯೆಯಾಗಿದ್ದರೆ ಸವೆತ ಎಲ್ಲ ಹಲ್ಲಿಗೂ ಹಂಚಿಹೋಗುತ್ತದೆ.

ಏರು ಹತ್ತದಿದ್ದಾಗ ಕ್ಲಚ್ಚಿನ ಸ್ಪ್ರಿಂಗನ್ನು ಬದಲಿಸುವವರುಂಟು. ಮೆದು ಸ್ಪ್ರಿಂಗು ಬೇಗ ಹಿಡಿಯುವುದೇನೋ ನಿಜ. ಆದರೆ ಆ ವೇಗದಲ್ಲಿ ಎಂಜಿನಿಗೆ ಬಲವಿಲ್ಲ. ಗಾಡಿ ನಿಂತಲ್ಲಿಯೇ ಮುಂದಕ್ಕೆ ತೆವಳಲೂಬಹುದು. ಶೂಗಳ ಚಿಮ್ಮುಬಲ ವೇಗದ ವರ್ಗಕ್ಕೆ ಅನುಗುಣವಾದುದು. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. ಆದುದರಿಂದ ಸ್ಪ್ರಿಂಗನ್ನು ಮುಟ್ಟದೆ ಹಲ್ಲುಗಳ ಪ್ರಮಾಣವನ್ನು ಸರಿಪಡಿಸುವುದೇ ಜಾಣತನವೆಂದು ನನ್ನ ಅಭಿಪ್ರಾಯ.

ಏರಿಗಿಂತ ಇಳಿತವೇ ಅಪಾಯಕರ. ಶೂಗಳಿರುವುದು ಎಂಜಿನಿನ ಕಡೆ, ಡ್ರಮ್ಮಿರುವುದು ಗಾಲಿಯ ಕಡೆ. ಇಳಿಜಾರಿನಲ್ಲಿ ಆಕ್ಸಿಲರೇಟರು ಬಿಟ್ಟು ಎಂಜಿನು ನಿಧಾನವಾದೊಡನೆ ಶೂಗಳು ಒಳಸೇರುತ್ತವೆ. ಆಮೇಲೆ ಗಾಲಿ ಎಷ್ಟೇ ವೇಗವಾಗಿ ಉರುಳಿದರೂ ಅವು ಮತ್ತೆ ಹಿಡಿಯವು. ಗೇರಿನ ಬೈಕಿನಲ್ಲಿ ಎಂಜಿನೇ ತಡೆಯುವಂತೆ ಇಲ್ಲಿ ತಡೆಯುವುದಿಲ್ಲ. ಹೊರೆಯ ಭಾರವೆಲ್ಲ ಬ್ರೇಕಿನ ಮೇಲೆಯೇ. ಹಗುರ ಸ್ಕೂಟರಿಗೆಂದು ಮಾಡಿದ ಒಂದೇ ಬ್ರೇಕು ಇದಕ್ಕೆ ಸಾಲದು. ಎರಡೂ ಗಾಲಿಗೆ ಬೇರೆ ಬೇರೆ ಬ್ರೇಕುಗಳಿಲ್ಲದೆ ಇಂಥ ಗಾಡಿಯನ್ನು ಇಳಿಜಾರಿಗೆ ಇಳಿಸಲೇಬಾರದು.

ಗಾಡಿ ತೋಟದ ಬೇಲಿಯೊಳಗೇ ಇರಲಿ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ 25 ಘನ ಸೆಂಟಿಮೀಟರು ಮೀರಿದ ಎಂಜಿನಿನ ದ್ವಿಚಕ್ರ ಗಾಡಿ ಮೋಟಾರು ವಾಹನವೇ ಆಗುತ್ತದೆ. ನೋಂದಣಿಯಿಲ್ಲದೆ ಅದನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲ.

ಮಲೆನಾಡಿನ ಮಳೆಗಾಲವನ್ನೂ ಮರೆಯಲಾಗದು. ಕೆಂಪುಮಣ್ಣಿನ ರಾಡಿ ಸರಪಣಿಯ ಎಣ್ಣೆಯನ್ನು ತೊಳೆದು ಅರೆಯುವ ಕಲ್ಲಿನಂತೆ ಹಲ್ಲುಗಳನ್ನು ತಿನ್ನುತ್ತದೆ. ಸರಪಣಿಗೆ ತಗಡಿನ ಮುಚ್ಚಳ ಹಾಕಿ, ದಿನದ ಕೆಲಸ ಮುಗಿದ ಮೇಲೆ ಒರಸಿ ಎಣ್ಣೆ ಬಿಡಬೇಕು. ಆದರೆ ಆ ಎಣ್ಣೆಯ ಹನಿ ಡ್ರಮ್ಮಿನೊಳಗೆ ಬೀಳಬಾರದು. ಬಿದ್ದರೆ ಮರುದಿನ ಎಂಜಿನು ಎಷ್ಟು ಮೊರೆದರೂ ಗಾಡಿ ಏರಿನ ಬುಡದಲ್ಲಿಯೇ ನಿಲ್ಲುತ್ತದೆ.